ಲ್ಯಾಪ್‌ಟಾಪ್ ಮಾರುವ ದಿನವಲ್ಲ, ಕೊಂಡ ದಿನವೇ ಬೀಗ ಹಾಕಿ

ಹಳೆಯ ಲ್ಯಾಪ್‌ಟಾಪನ್ನು ಎಕ್ಸ್‌ಚೇಂಜ್‌ಗೆ ಹಾಕುವಾಗಲೋ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗೆ ಕೊಡುವಾಗಲೋ ಹೆಚ್ಚಿನವರು ಫೈಲುಗಳನ್ನು ಡಿಲೀಟ್ ಮಾಡಿ, ಒಂದು ಫಾರ್ಮ್ಯಾಟ್ ಹೊಡೆದು ನಿಶ್ಚಿಂತರಾಗುತ್ತಾರೆ. ಹಾರ್ಡ್ ಡಿಸ್ಕಿನಲ್ಲಿ ಡಿಲೀಟ್ ಒತ್ತಿದಾಗ ಹೋಗುವುದು ಫೈಲು ಎಲ್ಲಿದೆ ಎಂಬ ನಮೂದು ಮಾತ್ರ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟುಗಳು ಆ ಜಾಗಕ್ಕೆ ಬೇರೆ ಡೇಟಾ ಬಂದು ಕೂರುವ ತನಕ ಅಲ್ಲೇ ಇರುತ್ತವೆ. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಅಷ್ಟೇ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ 158 ಸೆಕೆಂಡ್ ಹ್ಯಾಂಡ್ ಡಿಸ್ಕುಗಳನ್ನು ಕೊಂಡು ಪರೀಕ್ಷಿಸಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲಸ ಮಾಡುತ್ತಿದ್ದ 129 ಡಿಸ್ಕುಗಳಲ್ಲಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಉಳಿದವುಗಳಲ್ಲಿ ಸಾವಿರಾರು ಕ್ರೆಡಿಟ್ ಕಾರ್ಡ್ ನಂಬರುಗಳು ಸಿಕ್ಕಿದವು.

ನಿಮ್ಮದು ತಿರುಗುವ ಹಾರ್ಡ್ ಡಿಸ್ಕ್ ಆಗಿದ್ದರೆ ಪರಿಹಾರ ಸುಲಭ: ಇಡೀ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆಸಿ. ಮೂವತ್ತೈದು ಸಲ ಬರೆಸಬೇಕು ಎಂಬ ಮಾತು ಪೀಟರ್ ಗುಟ್‌ಮನ್ ಅವರ 1996ರ ಪ್ರಬಂಧದಿಂದ ಹುಟ್ಟಿದ್ದು. ಅದು ಆ ಕಾಲದ ಬಗೆಬಗೆಯ ಡಿಸ್ಕುಗಳನ್ನೆಲ್ಲ ಒಟ್ಟಿಗೆ ಗಣಿಸಿ ಮಾಡಿದ ಪಟ್ಟಿ, ಯಾವುದೇ ಒಂದು ಡಿಸ್ಕಿಗೆ ಅಷ್ಟೂ ಬೇಕಿಲ್ಲವೆಂದು ಗುಟ್‌ಮನ್ ಅವರೇ ಆಮೇಲೆ ಬರೆದರು. ಆದರೂ ಕೆಲವು ಸಾಫ್ಟ್‌ವೇರುಗಳು ಈ ಆಯ್ಕೆಯನ್ನು ಇಂದಿಗೂ ಭಕ್ತಿಯಿಂದ ಉಳಿಸಿಕೊಂಡಿವೆ!

ಕಷ್ಟ ಇರುವುದು ಎಸ್‌ಎಸ್‌ಡಿಯಲ್ಲಿ. ಅದರೊಳಗಿನ ಫ್ಲ್ಯಾಶ್ ಮೆಮೊರಿಯ ಕೋಶಗಳು ಇಂತಿಷ್ಟು ಸಲ ಬರೆದ ಮೇಲೆ ಸವೆಯುತ್ತವೆ. ಸವೆತ ಒಂದೇ ಕಡೆ ಆಗದಿರಲೆಂದು ಒಳಗಿನ ಕಂಟ್ರೋಲರ್ ಪ್ರತಿ ಸಲವೂ ಹೊಸ ಜಾಗದಲ್ಲಿ ಬರೆಯುತ್ತದೆ. ಹಾಗಾಗಿ ನೀವು ‘ಅದೇ ಫೈಲಿನ ಮೇಲೆ’ ಸೊನ್ನೆ ಬರೆದರೂ ಅದು ಹೋಗಿ ಕೂರುವುದು ಬೇರೆಡೆ. ಹಳೆಯ ಪ್ರತಿ, ನಿಮ್ಮ ಆಪರೇಟಿಂಗ್ ಸಿಸ್ಟಮ್‌ಗೆ ಕಾಣದ ಮೂಲೆಯಲ್ಲಿ ಉಳಿದಿರಬಹುದು. ಲಿನಕ್ಸಿನ ‘ಶ್ರೆಡ್’ ಆದೇಶವೂ ಇಲ್ಲಿ ಸೋಲುತ್ತದೆ. ಹಾಗಾದರೆ ತಯಾರಕರೇ ಕೊಟ್ಟಿರುವ ‘ಸೆಕ್ಯೂರ್ ಇರೇಸ್’ ಸಾಲದೇ ಎಂದು ಕೇಳಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಸಂಶೋಧಕರು 2011ರಲ್ಲಿ ಅದನ್ನೂ ಪರೀಕ್ಷಿಸಿದರು. ಒಂದು ಡ್ರೈವ್ ‘ಅಳಿಸಿದ್ದೇನೆ’ ಎಂದು ವರದಿ ಕೊಟ್ಟಿತು, ಡೇಟಾ ಮಾತ್ರ ಪೂರ್ತಿ ಹಾಗೇ ಇತ್ತು. ಈಗಿನ ಡ್ರೈವುಗಳು ಸುಧಾರಿಸಿರಬಹುದು, ಆದರೆ ಅಳಿಸಿದೆಯೋ ಇಲ್ಲವೋ ಎಂದು ಚಿಪ್ಪಿನೊಳಗೆ ಇಣುಕಿ ನೋಡುವ ದಾರಿ ಬಳಕೆದಾರರಿಗೆ ಇಲ್ಲ.

ಆದ್ದರಿಂದ ಅಳಿಸುವುದನ್ನು ನೆಚ್ಚದೆ, ಮೊದಲ ದಿನದಿಂದಲೇ ಎಲ್ಲವನ್ನೂ ಗೂಢಲಿಪಿಯಲ್ಲಿ, ಅಂದರೆ ಎನ್‌ಕ್ರಿಪ್ಟ್ ಮಾಡಿ, ಬರೆಸುವುದೇ ಸರಿ. ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್, ಹೋಮ್ ಆವೃತ್ತಿಯಲ್ಲಿ ಸೌಲಭ್ಯವಿದ್ದರೆ ಸೆಟ್ಟಿಂಗ್ಸ್‌ನ ಡಿವೈಸ್ ಎನ್‌ಕ್ರಿಪ್ಷನ್, ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್, ಲಿನಕ್ಸ್ ಹಾಕುವಾಗ ಲಕ್ಸ್ ಆರಿಸಿ. ಬಿಟ್‌ಲಾಕರ್ ‘ಬಳಸಿದ ಜಾಗ ಮಾತ್ರ’ ಸಾಕೋ ‘ಇಡೀ ಡ್ರೈವ್’ ಆಗಬೇಕೋ ಎಂದು ಕೇಳುತ್ತದೆ. ಈಗಾಗಲೇ ಬಳಸಿದ ಕಂಪ್ಯೂಟರಿಗೆ ಎರಡನೆಯದೇ ಬೇಕು. ಮಾರುವ ದಿನ ವಿಂಡೋಸ್‌ನ ರೀಸೆಟ್‌ನಲ್ಲಿ ‘ರಿಮೂವ್ ಎವೆರಿಥಿಂಗ್’ ಆರಿಸಿ, ‘ಕ್ಲೀನ್ ಡೇಟಾ’ ಆನ್ ಮಾಡಿ. ಗೂಢಲಿಪಿಯನ್ನು ಬಿಡಿಸುವ ಹಳೆಯ ಕೀ ಹೋದರೆ ಎಲ್ಲೋ ಉಳಿದಿರುವ ಚೂರುಪಾರು ಯಾರ ಕೈಗೆ ಸಿಕ್ಕರೂ ಓದಲು ಬಾರದ ಅಕ್ಷರರಾಶಿ, ಅಷ್ಟೇ.

ಕಂಪ್ಯೂಟರ್ ನಿಧಾನವಾಗುತ್ತದೆ ಎಂಬ ಆಕ್ಷೇಪ ಸಾಮಾನ್ಯ. ಈಗಿನ ಪ್ರೊಸೆಸರುಗಳಲ್ಲಿ ಎನ್‌ಕ್ರಿಪ್ಷನ್‌ಗೆಂದೇ ಸರ್ಕ್ಯೂಟ್ ಇರುವುದರಿಂದ ದಿನನಿತ್ಯದ ಕೆಲಸದಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ‘ನನ್ನ ಹತ್ತಿರ ಮುಚ್ಚಿಡುವಂಥದ್ದೇನಿದೆ’ ಎನ್ನುವವರು ತಮ್ಮ ಡಿಸ್ಕಿನಲ್ಲಿ ಮನೆಯವರ ಪ್ಯಾನ್, ಸಂಬಳದ ಚೀಟಿ, ಮಕ್ಕಳ ಫೋಟೊಗಳೂ ಇವೆಯೆಂಬುದನ್ನು ಮರೆತಿರುತ್ತಾರೆ. ತೂಕವಿರುವ ಆಕ್ಷೇಪ ಒಂದೇ: ಕೀ ಕಳೆದರೆ ನಿಮಗೂ ಡೇಟಾ ಸಿಗುವುದಿಲ್ಲ. ಅದು ನಿಜ. ಬಿಟ್‌ಲಾಕರ್‌ನ ರಿಕವರಿ ಕೀ 48 ಅಂಕಿಗಳದು. ಅದು ಮೈಕ್ರೋಸಾಫ್ಟ್ ಖಾತೆಯಲ್ಲಿ ಇದ್ದೇ ಇರುತ್ತದೆಂದು ನಂಬಿ ಕೂರದೆ, ಇವತ್ತೇ ಮುದ್ರಿಸಿ ಮನೆಪತ್ರಗಳ ಜೊತೆ ಇಡಿ.