‘ಹ್ಞೂಂ’ ಎಂದರೆ ಸಾಲದು: ವಿಮಾನ ಸಂಚಾರ ನಿಯಂತ್ರಣದಲ್ಲಿ ಮಾತು ಮತ್ತು ತಮಾಷೆ

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ನಿರ್ದೇಶನ’ ಎಂಬ ಅಧ್ಯಾಯವಿದೆ. ಅದರಲ್ಲಿ ಸಂವಹನ ಮತ್ತು ಅದರ ಅಡೆತಡೆಗಳನ್ನು ಓದುತ್ತೇವೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಮುಗಿಸುತ್ತೇವೆ. ಆ ಅಡೆತಡೆಗಳು ನಿಜವಾಗಿ ಏನು ಮಾಡಬಲ್ಲವು ಎಂದು ತಿಳಿಯಲು ವಿಮಾನ ಸಂಚಾರ ನಿಯಂತ್ರಣ, ಅಂದರೆ ಎಟಿಸಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಗಲಿಲ್ಲ. ಅಲ್ಲಿ ಮಾತೇ ಕೆಲಸ. ಆದ್ದರಿಂದ ಈ ಲೇಖನ.

ಎಟಿಸಿ ಎಂದರೇನು?

ನಮಗೆ ಹತ್ತಿರದ ವಿಮಾನ ನಿಲ್ದಾಣ ಕಲಬುರಗಿಯದು. ಅದು 2019ರ ನವೆಂಬರ್ 22ರಂದು ಆರಂಭವಾಯಿತು. ಯಾವ ನಿಲ್ದಾಣವೇ ಇರಲಿ, ವಿಮಾನ ಯಾವಾಗ ರನ್‌ವೇಗೆ ಬರಬೇಕು, ಎಷ್ಟು ಎತ್ತರದಲ್ಲಿ ಹಾರಬೇಕು, ಯಾವ ದಿಕ್ಕಿಗೆ ತಿರುಗಬೇಕು ಎಂದು ನಿಯಂತ್ರಕರು ರೇಡಿಯೊದಲ್ಲಿ ಹೇಳುತ್ತಾರೆ. ಪೈಲಟ್ ಕೇಳಿ ಹಾಗೆಯೇ ನಡೆಯುತ್ತಾರೆ.

ಈ ರೇಡಿಯೊ ನಮ್ಮ ಮೊಬೈಲಿನಂತೆ ಅಲ್ಲ. ಒಂದು ಪ್ರದೇಶದ ಎಲ್ಲ ವಿಮಾನಗಳಿಗೂ ಒಂದೇ ತರಂಗ. ಒಬ್ಬರು ಮಾತನಾಡುವಾಗ ಉಳಿದವರು ಸುಮ್ಮನಿರಬೇಕು. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕಿರುಚುವ ಸದ್ದು ಬರುತ್ತದೆ, ಇಬ್ಬರ ಮಾತೂ ಹಾಳಾಗುತ್ತದೆ. ಅಂದರೆ ಒಬ್ಬರು ಅಲ್ಲಿ ಐದು ಸೆಕೆಂಡ್ ತಮಾಷೆ ಮಾಡಿದರೆ ಆ ಐದು ಸೆಕೆಂಡ್ ಬೇರೆಯವರಿಂದ ತೆಗೆದುಕೊಂಡದ್ದು.

ಒಂದು ಪದಕ್ಕೆ ಒಂದೇ ಅರ್ಥ

ನಾವು ದಿನವೂ ‘ಹ್ಞೂಂ’ ಎನ್ನುತ್ತೇವೆ. ಮನೆಯ ಉರ್ದುವಿನಲ್ಲಿ ‘ಹೌ’ ಎನ್ನುತ್ತೇವೆ. ಇದರ ಅರ್ಥ ‘ಕೇಳಿಸಿತು’ ಎಂದೋ, ‘ಹೌದು’ ಎಂದೋ, ‘ಮಾಡುತ್ತೇನೆ’ ಎಂದೋ? ಮೂರೂ ಆಗಬಹುದು. ಮನೆಯಲ್ಲಿ ನಡೆಯುತ್ತದೆ, ಆಕಾಶದಲ್ಲಿ ನಡೆಯುವುದಿಲ್ಲ. ಅದಕ್ಕೆ ಅಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳಿವೆ:

1. ರೋಜರ್: ನೀವು ಹೇಳಿದ್ದು ಪೂರ್ತಿ ಕೇಳಿಸಿತು. (ಸಿನಿಮಾದಲ್ಲಿ ತೋರಿಸುವಂತೆ ‘ಹೌದು’ ಎಂದಲ್ಲ.)
2. ಅಫರ್ಮ್: ಹೌದು.
3. ವಿಲ್ಕೊ: ಕೇಳಿಸಿತು, ಹಾಗೆಯೇ ಮಾಡುತ್ತೇನೆ.
4. ಸ್ಟ್ಯಾಂಡ್‌ಬೈ: ಕಾಯಿರಿ, ನಾನೇ ಕರೆಯುತ್ತೇನೆ. (ಇದು ಅನುಮತಿ ಅಲ್ಲ.)
5. ಸೇ ಅಗೇನ್: ಮತ್ತೊಮ್ಮೆ ಹೇಳಿ.

ಅಂಕಿಗಳಿಗೂ ನಿಯಮವಿದೆ. ಸದ್ದಿನ ನಡುವೆ ಫೈವ್ ಮತ್ತು ನೈನ್ ಒಂದೇ ತರಹ ಕೇಳುತ್ತವೆ. ಆದ್ದರಿಂದ 5ನ್ನು ‘ಫೈಫ್’, 9ನ್ನು ‘ನೈನರ್’ ಎನ್ನಬೇಕು. ಫೋನಿನಲ್ಲಿ ಉರ್ದುವಿನ ‘ಸಾತ್’ ಮತ್ತು ‘ಸಾಠ್’ ಕೇಳಿಸಿಕೊಂಡವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಏಳು ಎಲ್ಲಿ, ಅರವತ್ತು ಎಲ್ಲಿ!

ಇಷ್ಟು ಬಿಗಿ ಏಕೆಂದರೆ, ಸಡಿಲ ಮಾತಿನ ಬೆಲೆ ಗೊತ್ತಾಗಿದೆ. 1977ರ ಮಾರ್ಚ್ 27ರಂದು ಸ್ಪೇನ್ ದೇಶದ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಒಂದು ವಿಮಾನದಿಂದ ‘ಈಗ ಟೇಕಾಫ್‌ನಲ್ಲಿದ್ದೇವೆ’ ಎಂಬ ಅರ್ಥದ ಮಾತು ಬಂತು. ಓಡಲು ಶುರು ಮಾಡಿದ್ದೇವೆ ಎಂದೋ, ಸಿದ್ಧರಿದ್ದೇವೆ ಎಂದೋ ಸ್ಪಷ್ಟವಿರಲಿಲ್ಲ. ನಿಯಂತ್ರಕರು ‘ಓಕೆ’ ಎಂದು, ನಂತರ ಕಾಯಲು ಹೇಳಿದರು. ಅದೇ ಕ್ಷಣ ರನ್‌ವೇ ಮೇಲೆಯೇ ಇದ್ದ ಇನ್ನೊಂದು ವಿಮಾನದವರೂ ಮಾತನಾಡಿದರು. ಎರಡೂ ಕೂಡಿ ಕಿರುಚುವ ಸದ್ದಾಯಿತು. ಮೊದಲನೆಯ ವಿಮಾನಕ್ಕೆ ಸ್ಪಷ್ಟವಾಗಿ ಕೇಳಿಸಿದ್ದು ‘ಓಕೆ’ ಮಾತ್ರ. ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಆಮೇಲೆ ‘ಟೇಕಾಫ್’ ಎಂಬ ಪದವನ್ನು ಹಾರಲು ಅನುಮತಿ ಕೊಡುವಾಗ ಅಥವಾ ಅದನ್ನು ರದ್ದು ಮಾಡುವಾಗ ಮಾತ್ರ ಬಳಸಬೇಕೆಂದಾಯಿತು. ಬೇರೆ ಎಲ್ಲ ಕಡೆ ‘ಡಿಪಾರ್ಚರ್’.

ಸಬಖ್ ಒಪ್ಪಿಸುವ ಪದ್ಧತಿ

ನಿಯಂತ್ರಕರು ಹೇಳಿದ್ದನ್ನು ಪೈಲಟ್ ಮರಳಿ ಹೇಳಬೇಕು. ಇದಕ್ಕೆ ರೀಡ್‌ಬ್ಯಾಕ್ ಎನ್ನುತ್ತಾರೆ. ಮದರಸಾದಲ್ಲಿ ಓದಿದವರಿಗೆ ಇದು ಹೊಸದಲ್ಲ. ಉಸ್ತಾದರು ಸಬಖ್ ಕೊಡುತ್ತಾರೆ, ನಾವು ಒಪ್ಪಿಸುತ್ತೇವೆ, ಒಂದು ಅಕ್ಷರ ತಪ್ಪಿದರೂ ಅವರು ಅಲ್ಲೇ ತಡೆದು ತಿದ್ದುತ್ತಾರೆ. ಒಪ್ಪಿಸುವುದು ಅರ್ಧ ಕೆಲಸ, ಗಮನವಿಟ್ಟು ಕೇಳುವುದು ಇನ್ನರ್ಧ. ಕೇಳುವವರ ಗಮನ ಬೇರೆ ಕಡೆ ಇದ್ದರೆ ಒಪ್ಪಿಸಿ ಏನು ಉಪಯೋಗ?

2009ರ ಆಗಸ್ಟ್ 8ರಂದು ಅಮೆರಿಕದಲ್ಲಿ ಹೀಗೆಯೇ ಆಯಿತು. ನ್ಯೂಜೆರ್ಸಿಯ ಟೆಟರ್‌ಬೊರೊ ನಿಲ್ದಾಣದಿಂದ ಒಂದು ಸಣ್ಣ ವಿಮಾನ ಹೊರಟಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ನಿಯಂತ್ರಕರು ಅದೇ ಸಮಯದಲ್ಲಿ ಫೋನಿನಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಹರಟೆ, ತಮಾಷೆಯಲ್ಲಿದ್ದರು. ಪೈಲಟ್‌ಗೆ ಮುಂದಿನ ತರಂಗದ ಸಂಖ್ಯೆ ಕೊಟ್ಟರು. ಪೈಲಟ್ ಅದನ್ನು ತಪ್ಪಾಗಿ ಮರಳಿ ಹೇಳಿದರು. ತಿದ್ದುವವರು ಯಾರೂ ಇರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಹಡ್ಸನ್ ನದಿಯ ಮೇಲೆ ಆ ವಿಮಾನ ಪ್ರವಾಸಿಗರ ಹೆಲಿಕಾಪ್ಟರ್‌ಗೆ ಡಿಕ್ಕಿ ಹೊಡೆಯಿತು. ಎರಡರಲ್ಲೂ ಇದ್ದ 9 ಜನ ಸತ್ತರು. ಎದುರಿನದನ್ನು ಸಮಯಕ್ಕೆ ಸರಿಯಾಗಿ ಕಾಣುವುದು ಇಬ್ಬರು ಪೈಲಟ್‌ಗಳಿಗೂ ಕಷ್ಟವಿತ್ತು ಎಂದು ತನಿಖೆ ಹೇಳಿತು. ಜೊತೆಗೆ ಆ ಫೋನ್ ಹರಟೆಯನ್ನೂ ಕಾರಣಗಳಲ್ಲಿ ಸೇರಿಸಿತು.

ಏನೂ ಆಗದಿದ್ದರೆ ತಮಾಷೆ ಸರಿಯೇ?

2010ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಕೆನಡಿ ನಿಲ್ದಾಣದ ಒಬ್ಬ ನಿಯಂತ್ರಕರು ತಮ್ಮ ಮಗುವನ್ನು ಗೋಪುರಕ್ಕೆ ಕರೆತಂದು, ತಾವು ಹೇಳಿಕೊಟ್ಟ ಮಾತನ್ನು ಅದರ ಬಾಯಿಂದ ಪೈಲಟ್‌ಗಳಿಗೆ ಹೇಳಿಸಿದರು. ಟೇಕಾಫ್ ಅನುಮತಿಯೂ ಅದರಲ್ಲಿತ್ತು. ಪೈಲಟ್‌ಗಳು ನಕ್ಕರು. ಯಾರಿಗೂ ಏನೂ ಆಗಲಿಲ್ಲ. ಆದರೂ ನಿಯಂತ್ರಕರನ್ನೂ ಮೇಲ್ವಿಚಾರಕರನ್ನೂ ಅಮಾನತು ಮಾಡಿದರು. ಇಷ್ಟಕ್ಕೆ ಇಷ್ಟು ಶಿಕ್ಷೆಯೇ ಎಂದು ಆಗ ಹಲವರು ಕೇಳಿದರು.

ನನ್ನ ಅಭಿಪ್ರಾಯದಲ್ಲಿ ಕ್ರಮ ಸರಿ. ಮಗು ಹೇಳಿದ ಪದಗಳು ತಪ್ಪಿರಲಿಲ್ಲ, ನಿಜ. ಆದರೆ ಕೇಳುವ ಪೈಲಟ್ ಒಂದು ಕ್ಷಣ ‘ಇದು ಆಜ್ಞೆಯೋ, ಆಟವೋ?’ ಎಂದು ಯೋಚಿಸಬೇಕಾಯಿತು. ಆ ಗೋಪುರದ ಮಾತಿನಲ್ಲಿ ಅಂಥ ಸಂಶಯ ಒಂದು ಕ್ಷಣವೂ ಬರಬಾರದು. ನೂರು ಸಲ ಏನೂ ಆಗಲಿಲ್ಲ ಎಂಬುದು ನೂರೊಂದನೆಯ ಸಲಕ್ಕೆ ಜಾಮೀನು ಅಲ್ಲ.

ಹಾಗೆಂದು ನಿಯಂತ್ರಕರು ಕಲ್ಲಿನಂತೆ ಇರಬೇಕೆಂದಲ್ಲ. ಅವರೂ ‘ಗುಡ್ ಮಾರ್ನಿಂಗ್’ ಹೇಳುತ್ತಾರೆ. ಗಾಬರಿಯಾದ ಪೈಲಟ್‌ಗೆ ಮೆಲ್ಲನೆಯ ದನಿಯಲ್ಲಿ ಧೈರ್ಯ ತುಂಬುತ್ತಾರೆ. ನಮ್ಮ ಪ್ರವಾದಿಯವರು (ಸ) ಕೂಡ ಹಾಸ್ಯ ಮಾಡುತ್ತಿದ್ದರು, ಆದರೆ ಹಾಸ್ಯದಲ್ಲೂ ಸತ್ಯವನ್ನೇ ಹೇಳುತ್ತಿದ್ದರು ಎಂದು ಕಲಿತಿದ್ದೇವೆ. ನಗುವುದು ತಪ್ಪಲ್ಲ. ಕೇಳುವವರಿಗೆ ಸಂಶಯ ಹುಟ್ಟಿಸುವುದು ಮತ್ತು ಬೇರೆಯವರ ಸಮಯ, ಗಮನ ಕಸಿಯುವುದು ತಪ್ಪು.

ಬೆಂಗಳೂರಿನ ಪಾಠ

ಇದೆಲ್ಲ ಹೊರದೇಶದ ಕಥೆ ಎನ್ನಬೇಡಿ. 2022ರ ಜನವರಿ 7ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಎರಡು ಸಮಾನಾಂತರ ರನ್‌ವೇಗಳಿಂದ ಇಂಡಿಗೊದ ಎರಡು ವಿಮಾನಗಳು ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಹಾರಿದವು. ಒಂದು ಕೋಲ್ಕತಾಗೆ, ಇನ್ನೊಂದು ಭುವನೇಶ್ವರಕ್ಕೆ. ಎರಡೂ ಪರಸ್ಪರ ಹತ್ತಿರ ಬರತೊಡಗಿದವು. ಎರಡರಲ್ಲೂ ಸೇರಿ 400ಕ್ಕೂ ಹೆಚ್ಚು ಜನರಿದ್ದರು. ಒಂದೇ ರನ್‌ವೇ ಬಳಸಬೇಕೆಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದ್ದರು. ಆದರೆ ಆ ಮಾತು ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲ ಎಂದು ಪ್ರಾಥಮಿಕ ವರದಿ ಹೇಳಿತು. ರಾಡಾರ್ ನೋಡುತ್ತಿದ್ದ ನಿಯಂತ್ರಕರು ಗಮನಿಸಿ, ಎರಡಕ್ಕೂ ಬೇರೆ ಬೇರೆ ದಿಕ್ಕು ಕೊಟ್ಟು ತಿರುಗಿಸಿದರು.

ಇಲ್ಲಿ ತಮಾಷೆ ಇರಲಿಲ್ಲ. ಆದರೂ ಇದನ್ನು ಹೇಳಲು ಕಾರಣವಿದೆ. ಗಂಭೀರವಾಗಿ ಕೆಲಸ ಮಾಡುವ ಕಡೆಯೇ ಒಂದು ಮಾತು ತಲುಪದಿದ್ದರೆ ಇಷ್ಟಾಗುತ್ತದೆ. ಕಾಪಾಡಿದ್ದು ಒಬ್ಬರ ಗಮನ. ಆ ಗಮನವನ್ನು ತಮಾಷೆಗೆ ಕೊಟ್ಟಿದ್ದರೆ?

ನಮ್ಮ ಪಠ್ಯದ ಭಾಷೆಯಲ್ಲಿ

* ‘ಟೇಕಾಫ್‌ನಲ್ಲಿದ್ದೇವೆ’, ‘ಓಕೆ’: ಪದದ ಅರ್ಥಕ್ಕೆ ಸಂಬಂಧಿಸಿದ ಅಡೆತಡೆ.
* ಫೋನಿನ ಹರಟೆ: ಗಮನದ ಕೊರತೆ, ಅಂದರೆ ಮಾನಸಿಕ ಅಡೆತಡೆ.
* ಬೆಂಗಳೂರಿನ ಘಟನೆ: ಸಂಸ್ಥೆಯ ಒಳಗಿನ ಅಡೆತಡೆ.
* ರೀಡ್‌ಬ್ಯಾಕ್: ಹಿಮ್ಮಾಹಿತಿ. ಮೂರಕ್ಕೂ ಮದ್ದು ಇದೇ.

ನಮ್ಮೂರಿಗೆ ಇದರಿಂದೇನು?

ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆದು ನಿಯಂತ್ರಕರಾಗಲು ಭೌತಶಾಸ್ತ್ರ, ಗಣಿತ ಇರುವ ಬಿಎಸ್ಸಿ ಅಥವಾ ಎಂಜಿನಿಯರಿಂಗ್ ಪದವಿ ಬೇಕು. ವಾಣಿಜ್ಯ ವಿಭಾಗದ ನಮಗೆ ಆ ದಾರಿ ಇಲ್ಲ. ವಿಜ್ಞಾನ ವಿಭಾಗದ ಗೆಳೆಯ ಗೆಳತಿಯರು ಇದನ್ನು ಮನಸ್ಸಿನಲ್ಲಿಡಲಿ.

ಆದರೆ ಪಾಠ ಎಲ್ಲರಿಗೂ ಇದೆ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ಕೃಷ್ಣೆಗೆ ನೀರು ಬಿಡುವಾಗ ಎಷ್ಟು ಕ್ಯುಸೆಕ್ ಎಂಬ ಸಂದೇಶ ಸುರಪುರ, ಶಹಾಪುರ ತಾಲ್ಲೂಕಿನ ನದಿದಂಡೆಯ ಊರುಗಳಿಗೆ ಬರುತ್ತದೆ. ಪ್ರವಾಹ ಬಂದರೆ ಕೆಲವು ಊರುಗಳಿಗೆ ದಾರಿಯೇ ಇಲ್ಲದಂತಾಗಬಹುದು. ಅಂಥ ದಿನ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ನಗಿಸಲು ಹಳೆಯ ವಿಡಿಯೊ ಹಾಕಿ ‘ಡ್ಯಾಂ ಒಡೀತು’ ಎಂದರೆ ಏನಾಗುತ್ತದೆ? ಒಂದು ಸಲ ಜನ ಓಡುತ್ತಾರೆ. ಮುಂದಿನ ಸಲ ನಿಜವಾದ ಸಂದೇಶ ಬಂದಾಗ ಯಾರೂ ಏಳುವುದಿಲ್ಲ. ಆ ದಿನ ಆ ಗುಂಪು ಎಟಿಸಿಯ ತರಂಗವಿದ್ದಂತೆ. ಅಲ್ಲಿ ಅಳತೆ, ಊರು, ಸಮಯ, ಹೇಳಿದವರು ಯಾರು ಎಂಬ ನಾಲ್ಕೇ ವಿಷಯ ಇರಲಿ.

ಅಭ್ಯಾಸ

ಇಬ್ಬರು ಬೆನ್ನಿಗೆ ಬೆನ್ನು ಮಾಡಿ ಕುಳಿತುಕೊಳ್ಳಿ. ಒಬ್ಬರು ಐದು ಅಂಕಿಗಳ ಒಂದು ಸಂಖ್ಯೆ ಮತ್ತು ಒಂದು ಸೂಚನೆ ಹೇಳಲಿ. ಇನ್ನೊಬ್ಬರು ‘ಹ್ಞೂಂ’ ಎನ್ನದೆ ಪೂರ್ತಿ ಮರಳಿ ಹೇಳಲಿ. ಹತ್ತು ಸಲ ಮಾಡಿ, ತಪ್ಪುಗಳನ್ನು ಬರೆದುಕೊಳ್ಳಿ. ನಂತರ ಮೂರನೆಯವರು ಪಕ್ಕದಲ್ಲಿ ನಿಂತು ಜೋಕ್ ಹೇಳುತ್ತಿರುವಾಗ ಅದನ್ನೇ ಮತ್ತೆ ಹತ್ತು ಸಲ ಮಾಡಿ. ಎರಡೂ ಪಟ್ಟಿಗಳನ್ನು ಹೋಲಿಸಿ ನೋಡಿ.