ಟ್ರಾಕ್ಟರಿನ ಟ್ರೈಲರಿಗೆ ತಕ್ಕ ಬ್ರೇಕನ್ನು ಆರಿಸುವ ಕ್ರಮ

ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿ ತಲಕಾಡಿಗೆ ಸಮೀಪವಾಗಿ ಕಾವೇರಿಯ ದಂಡೆಯಲ್ಲಿರುವ ಮುಡುಕುತೊರೆಯು ಶ್ರೀ ಮಲ್ಲಿಕಾರ್ಜುನಸ್ವಾಮಿಯ ಬೆಟ್ಟಕ್ಕೂ, ಜಾತ್ರೆಯ ಕಾಲದಲ್ಲಿ ನೆರೆಯುವ ದನಗಳ ಪರಿಷೆಗೂ ಹೆಸರಾದ ಸ್ಥಳವು. ಈ ಸೀಮೆಯ ಭತ್ತ, ಕಬ್ಬು, ಹುಲ್ಲು, ಗೊಬ್ಬರಗಳನ್ನು ಹಿಂದೆ ಎತ್ತಿನ ಗಾಡಿಗಳು ಸಾಗಿಸುತ್ತಿದ್ದುವು. ಈಗ ಆ ಕೆಲಸವು ಬಹುಮಟ್ಟಿಗೆ ಟ್ರಾಕ್ಟರಿನ ಪಾಲಿಗೆ ಬಂದಿದೆ. ಕಬ್ಬಿನ ಕಾಲದಲ್ಲಿ ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯಂಥ ಸ್ಥಳಗಳಿಗೆ ತುಂಬಿದ ಟ್ರೈಲರುಗಳು ಹಗಲಿರುಳೂ ಹೋಗುವುದುಂಟು.

ಇಳುಕಲಿನಲ್ಲಿ ತುಂಬಿದ ಗಾಡಿಯು ನೊಗದ ಮೂಲಕ ಎತ್ತುಗಳ ಕುತ್ತಿಗೆಯನ್ನು ಮುಂದಕ್ಕೆ ನೂಕುವುದನ್ನು ಹಿರಿಯರು ಬಲ್ಲರು. ಆದಕಾರಣ ಜಾಣನಾದ ಗಾಡಿಕಾರನು ಮೂಗುದಾರವನ್ನು ಮಾತ್ರ ನೆಚ್ಚದೆ, ಗಾಡಿಯ ಚಕ್ರಕ್ಕೇ ಮರದ ದಿಂಡನ್ನು ಒತ್ತಿಸಿ ಇಳಿಸುತ್ತಿದ್ದನು. ಭಾರವಿದ್ದಲ್ಲಿಯೇ ತಡೆಯೂ ಇರಬೇಕೆಂಬುದೇ ಇದರ ತತ್ತ್ವ. ಟ್ರಾಕ್ಟರಿಗೂ ಇದೇ ನ್ಯಾಯವು ಸಲ್ಲುತ್ತದೆ. ಆದರೆ ಲಕ್ಷಗಟ್ಟಲೆ ಹಣ ಕೊಟ್ಟು ಟ್ರಾಕ್ಟರನ್ನು ಕೊಂಡವರು ಬ್ರೇಕೇ ಇಲ್ಲದ ಟ್ರೈಲರನ್ನು ಅದಕ್ಕೆ ಕಟ್ಟುವುದು ಅಪರೂಪವಲ್ಲ.

ಬ್ರೇಕಿಲ್ಲದ ಟ್ರೈಲರಿನ ಅಪಾಯ

ಟ್ರಾಕ್ಟರಿನ ತೂಕ 2 ಟನ್ನು, ತುಂಬಿದ ನಾಲ್ಕು ಚಕ್ರದ ಟ್ರೈಲರಿನ ತೂಕ 6 ಟನ್ನು ಎಂದು ಭಾವಿಸತಕ್ಕದ್ದು. ಸಾಮಾನ್ಯ ಟ್ರಾಕ್ಟರಿನಲ್ಲಿ ಬ್ರೇಕು ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಇರುತ್ತದೆ. ಒಣಗಿದ ರಸ್ತೆಯಲ್ಲಿ ಆ ಚಕ್ರಗಳ ಹಿಡಿತವು ಸುಮಾರು 840 ಕಿಲೋಗ್ರಾಂ ತೂಕದಷ್ಟೆಂದೂ, ಟ್ರೈಲರಿಗೆ ಬ್ರೇಕಿದ್ದರೆ ಅದರಿಂದ 1,800 ಕಿಲೋಗ್ರಾಂ ತೂಕದಷ್ಟು ತಡೆ ದೊರೆಯುವುದೆಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ, ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ನಿಲ್ಲಲು ಬೇಕಾಗುವ ದೂರವು ಹೀಗಾಗುತ್ತದೆ:

ಟ್ರಾಕ್ಟರು ಮಾತ್ರ, ಸಮನೆಲದಲ್ಲಿ — ಸುಮಾರು 28 ಅಡಿ.
ಬ್ರೇಕಿಲ್ಲದ ಟ್ರೈಲರು ಸಹಿತ, ಸಮನೆಲದಲ್ಲಿ — ಸುಮಾರು 110 ಅಡಿ.
ಬ್ರೇಕಿಲ್ಲದ ಟ್ರೈಲರು ಸಹಿತ, 20 ಅಡಿಗೆ 1 ಅಡಿ ಇಳಿಯುವ ಇಳುಕಲಿನಲ್ಲಿ — ಸುಮಾರು 210 ಅಡಿ.
ಬ್ರೇಕುಳ್ಳ ಟ್ರೈಲರು ಸಹಿತ, ಸಮನೆಲದಲ್ಲಿ — ಸುಮಾರು 35 ಅಡಿ.
ಬ್ರೇಕುಳ್ಳ ಟ್ರೈಲರು ಸಹಿತ, ಅದೇ ಇಳುಕಲಿನಲ್ಲಿ — ಸುಮಾರು 40 ಅಡಿ.

ಚಾಲಕನು ಅಪಾಯವನ್ನು ಕಂಡು ಕಾಲೊತ್ತಲು ಒಂದು ಸೆಕೆಂಡು ಹಿಡಿದರೆ ಇನ್ನೂ 27 ಅಡಿಯನ್ನು ಕೂಡಿಸಬೇಕು. ರಸ್ತೆ ನೆನೆದಿದ್ದರೆ ದೂರವು ಮತ್ತಷ್ಟು ಬೆಳೆಯುತ್ತದೆ. ನಾಲೆಯ ಏರಿಯಿಂದ ಇಳಿಯುವ ದಾರಿಯಲ್ಲಿ ದನ ಹೊಡೆದುಕೊಂಡು ಹೋಗುವ ಹುಡುಗನಿಗೆ 40 ಅಡಿಗೂ 210 ಅಡಿಗೂ ಇರುವ ಅಂತರವು ಪ್ರಾಣದ ಅಂತರವೇ ಸರಿ. ಅಲ್ಲದೆ, ಹಿಂದಿನಿಂದ ನೂಕುವ ಟ್ರೈಲರು ತಿರುವಿನಲ್ಲಿ ಟ್ರಾಕ್ಟರನ್ನು ಅಡ್ಡಕ್ಕೆ ತಿರುಗಿಸಿ ಮಗುಚುವ ಸಂಭವವೂ ಉಂಟು.

ಬ್ರೇಕಿನ ವಿಧಗಳು

1. ನೂಕು ಬ್ರೇಕು. ಟ್ರಾಕ್ಟರು ನಿಧಾನಿಸಿದಾಗ ಟ್ರೈಲರು ಮುಂದಕ್ಕೆ ನೂಕುವ ಬಲದಿಂದಲೇ ಅದರ ಮೂಕಿಯು ಒಳಸರಿದು ಬ್ರೇಕನ್ನು ಒತ್ತುತ್ತದೆ. ಬೆಲೆ ಕಡಮೆ, ರಚನೆ ಸರಳ. ಆದರೆ ಇದು ಚಾಲಕನ ಇಚ್ಛೆಗೆ ನೇರವಾಗಿ ಒಳಪಡದು. ಹಿಂದಕ್ಕೆ ನಡೆಸುವಾಗ ತಾನಾಗಿ ಹಿಡಿದುಕೊಳ್ಳದಂತೆ ಬೇರೆ ಏರ್ಪಾಡು ಬೇಕು. ಯೂರೋಪಿನಲ್ಲಿ ಕಾರುಗಳ ಹಿಂದೆ ಎಳೆಯುವ ಟ್ರೈಲರುಗಳಿಗೆ ಈ ವಿಧವನ್ನು ಒಟ್ಟು 3,500 ಕಿಲೋಗ್ರಾಂವರೆಗೆ ಮಾತ್ರ ಒಪ್ಪುತ್ತಾರೆ. ಹಗುರವಾದ ಒಂದೇ ಟ್ರೈಲರಿಗೆ ಇದು ಸಾಕು. ಜೋಡಿ ಟ್ರೈಲರಿಗೆ ತರವಲ್ಲ.

2. ಎಣ್ಣೆಯ ಒತ್ತಡದ ಬ್ರೇಕು. ಟ್ರಾಕ್ಟರಿನ ಪೆಡಲನ್ನು ಒತ್ತಿದಷ್ಟಕ್ಕೆ ಅನುಗುಣವಾಗಿ ಟ್ರೈಲರಿನ ಬ್ರೇಕೂ ಹಿಡಿಯುತ್ತದೆ. ಇದಕ್ಕೆ ಟ್ರಾಕ್ಟರಿನಲ್ಲಿ ಟ್ರೈಲರ್ ಬ್ರೇಕಿನ ಪ್ರತ್ಯೇಕ ವಾಲ್ವು ಇರಬೇಕು. ಟ್ರೈಲರನ್ನು ಎತ್ತಿ ಸುರಿಯುವ ಎಣ್ಣೆಯ ಕೊಳವೆಗೆ ಬ್ರೇಕನ್ನು ಜೋಡಿಸಕೂಡದು.

3. ಗಾಳಿಯ ಬ್ರೇಕು. ಎಂಜಿನ್ನು ನಡೆಸುವ ಕಂಪ್ರೆಸರು ಗಾಳಿಯನ್ನು ತೊಟ್ಟಿಯಲ್ಲಿ ತುಂಬುತ್ತದೆ. ಹೆಚ್ಚು ಭಾರಕ್ಕೂ ಜೋಡಿ ಟ್ರೈಲರಿಗೂ ಇದು ಉತ್ತಮ. ಕೊಳವೆ ಕಿತ್ತುಹೋದಲ್ಲಿ ತಾನಾಗಿಯೇ ಬ್ರೇಕು ಹಿಡಿಯುವ ಏರ್ಪಾಡುಳ್ಳದ್ದನ್ನೇ ಕೊಳ್ಳತಕ್ಕದ್ದು.

4. ವಿದ್ಯುತ್ ಬ್ರೇಕು. ಅಮೆರಿಕಾದಲ್ಲಿ ಪಿಕಪ್ ಮೋಟಾರುಗಳ ಟ್ರೈಲರುಗಳಿಗೆ ಇದು ರೂಢಿ. ಚಾಲಕನ ಮುಂದಿರುವ ನಿಯಂತ್ರಕವು ಚಕ್ರಗಳಿಗೆ ವಿದ್ಯುತ್ತನ್ನು ಅಳೆದು ಕೊಡುತ್ತದೆ. ಒಂದು ಬಗೆಯದು ಕಾಲ ಕಳೆದಂತೆ ಮೊದಲೇ ಗೊತ್ತುಮಾಡಿದಷ್ಟು ಒತ್ತುತ್ತದೆ. ಇನ್ನೊಂದು ಬಗೆಯದು ಮುಂದಿನ ಮೋಟಾರು ಎಷ್ಟು ಬಿಗಿಯಾಗಿ ನಿಧಾನಿಸುತ್ತದೆಯೋ ಅಷ್ಟೇ ಒತ್ತುತ್ತದೆ. ಎರಡನೆಯದೇ ಮೇಲು. ಯಾವ ವಿಧವನ್ನು ಆರಿಸುವಾಗಲೂ ಇದೇ ಗುಣವನ್ನು ನೋಡಬೇಕು: ಮೆಲ್ಲನೆ ಒತ್ತಿದರೆ ಮೆಲ್ಲನೆ, ಬಲವಾಗಿ ಒತ್ತಿದರೆ ಬಲವಾಗಿ ಹಿಡಿಯಬೇಕು.

ಕೊಳ್ಳುವ ಮುನ್ನ ಪರೀಕ್ಷೆ

ಟ್ರೈಲರಿನ ಬರಿದೂಕವನ್ನಲ್ಲದೆ ತುಂಬಿದ ತೂಕವನ್ನು ತೂಕದ ಸೇತುವೆಯಲ್ಲಿ ತಿಳಿದುಕೊಂಡು, ಆ ಭಾರಕ್ಕೂ ತಮ್ಮ ದಾರಿಯ ಇಳುಕಲಿಗೂ ತಕ್ಕ ಬ್ರೇಕನ್ನು ಕೇಳತಕ್ಕದ್ದು. ಆಮೇಲೆ ಜನರಿಲ್ಲದ ಸಮನೆಲದಲ್ಲಿ ಭಾರ ತುಂಬಿ, ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಬ್ರೇಕನ್ನು ಒತ್ತಿ ನೋಡಬೇಕು. ಟ್ರೈಲರು ಹಿಂದಿನಿಂದ ಕುಕ್ಕಿದರೆ ಬ್ರೇಕು ಸಾಲದು. ಚಕ್ರಗಳು ಉರುಳದೆ ಜಾರಿದರೆ ಅತಿಯಾಯಿತು. ಒಂದು ಪಕ್ಕಕ್ಕೆ ಎಳೆದರೆ ಎರಡು ಕಡೆಯ ಹೊಂದಾಣಿಕೆ ತಪ್ಪಿದೆ. ಟ್ರೈಲರಿನ ಬ್ರೇಕು ಟ್ರಾಕ್ಟರಿನ ಬ್ರೇಕಿಗಿಂತ ಕೂದಲೆಳೆಯಷ್ಟು ಮುಂಚೆ ಹಿಡಿಯುವುದು ಸರಿಯಾದ ಲಕ್ಷಣ.

ನಿತ್ಯ ಗಮನಿಸತಕ್ಕ ಅಂಶಗಳು

ಗದ್ದೆಯಲ್ಲಿ ತಿರುಗಲು ಬೇರೆ ಬೇರೆಯಾಗಿ ಒತ್ತುವ ಎಡ ಬಲ ಪೆಡಲುಗಳನ್ನು ರಸ್ತೆಗೆ ಬರುವ ಮುನ್ನ ಚಿಲಕದಿಂದ ಒಂದಾಗಿ ಸೇರಿಸತಕ್ಕದ್ದು. ಒಂದೇ ಪೆಡಲಿನ ಮೇಲೆ ಕಾಲಿಟ್ಟರೆ ಟ್ರಾಕ್ಟರು ಥಟ್ಟನೆ ತಿರುಗಿ ಮಗುಚುವುದು. ಏರು ಹತ್ತಲು ಬೇಕಾದ ಗೇರಿನಲ್ಲಿಯೇ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲಿನಲ್ಲಿ ಇಳಿಯಕೂಡದು. ಗಾಳಿಯ ತೊಟ್ಟಿಯಲ್ಲಿ ಸೇರಿದ ನೀರನ್ನು ಪ್ರತಿದಿನವೂ ಬಿಡಬೇಕು. ಕೊಕ್ಕೆಯ ಗೂಟಕ್ಕೆ ಕಚ್ಚು, ಅದಕ್ಕೆ ಜೊತೆಯಾಗಿ ಸರಪಣಿ ಇರಬೇಕು. ಇಳುಕಲಿನಲ್ಲಿ ನಿಲ್ಲಿಸಿದಾಗ ಕೈಬ್ರೇಕಿನ ಜೊತೆಗೆ ಚಕ್ರಗಳಿಗೆ ಅಡ್ಡಗಟ್ಟೆ ಕೊಡಬೇಕು.

ಗ್ರಾಮ ಮುಖಂಡರ ಕರ್ತವ್ಯ

1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯಲ್ಲಿ ಟ್ರೈಲರನ್ನೂ ಮೋಟಾರು ವಾಹನವೆಂದೇ ಹೇಳಿದೆ. ಅದು ಕೇವಲ ಕಬ್ಬಿಣದ ಪೆಟ್ಟಿಗೆಯಲ್ಲ. ಮುಡುಕುತೊರೆಯ ಜಾತ್ರೆಗಾಗಲಿ, ಮದುವೆಗಾಗಲಿ ಅದರಲ್ಲಿ ಜನರನ್ನು ತುಂಬುವುದನ್ನು ಮುಖಂಡರು ತಡೆಯಬೇಕು. ಸುಗ್ಗಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಊರಿನ ಟ್ರೈಲರುಗಳನ್ನೆಲ್ಲ ಒಂದೆಡೆ ಸೇರಿಸಿ, ಮೇಲೆ ಹೇಳಿದಂತೆ ಪರೀಕ್ಷಿಸುವುದು ಎಲ್ಲ ಗ್ರಾಮಗಳಿಗೂ ಸಾಧ್ಯವಾದ ಕಾರ್ಯ. ಜಮೀನುದಾರರು ಮೊದಲು ತಮ್ಮ ಟ್ರೈಲರುಗಳನ್ನೇ ತಂದು ನಿಲ್ಲಿಸಿದರೆ ಉಳಿದವರು ತಾವಾಗಿಯೇ ಹಿಂಬಾಲಿಸುವರು. ಬ್ರೇಕಿಗೆ ತಗಲುವ ವೆಚ್ಚವು ಒಮ್ಮೆಯ ವೆಚ್ಚ. ಅದಿಲ್ಲದೆ ಆಗುವ ನಷ್ಟವನ್ನು ಯಾವ ಬೆಳೆಯಿಂದಲೂ ತುಂಬಿಕೊಳ್ಳಲಾಗದು.