ಆನುವಂಶಿಕ ಅಂಕಣಗಳೂ ದತ್ತಾಂಶದ ಪುನಃಸ್ಥಾಪನೆಯೂ

1986ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಪೋಸ್ಟ್‌ಗ್ರೆಸ್ ಯೋಜನೆಯಿಂದ ಬೆಳೆದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ ಒಂದು ಕೋಷ್ಟಕವು ಇನ್ನೊಂದರಿಂದ ಅಂಕಣಗಳನ್ನು ಬಳುವಳಿಯಾಗಿ ಪಡೆಯಬಲ್ಲದು. ಅಂಕಣದೊಡನೆ ಅದರ ಪೂರ್ವನಿಯತ ಮೌಲ್ಯವೂ ಬರುತ್ತದೆ. ಮರಿಕೋಷ್ಟಕವು ಬೇಕಾದರೆ ಅದನ್ನು ತ್ಯಜಿಸಬಹುದು.

‘ವಿದ್ಯಾರ್ಥಿ’ ಎಂಬ ಮೂಲಕೋಷ್ಟಕದ ಶುಲ್ಕವಿನಾಯಿತಿಯ ಅಂಕಣದಲ್ಲಿ ಏನನ್ನೂ ಬರೆಯದಿದ್ದರೆ ‘ಇಲ್ಲ’ ಎಂದು ತಾನಾಗಿ ತುಂಬುವ ಏರ್ಪಾಡಿದೆಯೆನ್ನೋಣ. ‘ವಸತಿ ವಿದ್ಯಾರ್ಥಿ’ ಎಂಬ ಮರಿಕೋಷ್ಟಕದಲ್ಲಿ ಆ ಏರ್ಪಾಡನ್ನು ತೆಗೆದು, ಅಂಕಣವು ಬರಿದಾಗಿರಕೂಡದೆಂದು ವಿಧಿಸಿದೆ. ಗುಮಾಸ್ತರು ವಿಚಾರಿಸಿಯೇ ಬರೆಯಬೇಕು. ಕಾಪುಪ್ರತಿಯಿಂದ ಕೋಷ್ಟಕಗಳನ್ನು ಮರಳಿ ಕಟ್ಟುವಾಗ ಈ ತ್ಯಾಗದ ಉಲ್ಲೇಖವಿಲ್ಲದಿದ್ದರೆ, ಮರಿಕೋಷ್ಟಕವು ಮೂಲದ ‘ಇಲ್ಲ’ವನ್ನು ಪುನಃ ಪಡೆಯುತ್ತದೆ. ಹಳೆಯ ದಾಖಲೆಗಳೆಲ್ಲ ಸರಿಯಾಗಿಯೇ ಇರುವುದರಿಂದ ಯಾರಿಗೂ ಸಂಶಯ ಬಾರದು. ಮುಂದಿನ ಜೂನ್‌ನಲ್ಲಿ ಸೇರುವ ಬಡ ಬಾಲಕನ ಹೆಸರಿನ ಮುಂದೆ ಮಾತ್ರ, ಯಾರೂ ಬರೆಯದ ‘ಇಲ್ಲ’ ಮೂಡಿರುತ್ತದೆ.

ಈ ಕಾರಣದಿಂದಲೇ ಪಿಜಿ-ಡಂಪ್ ಎಂಬ ಸಾಧನವು ಅಂಥ ಅಂಕಣಕ್ಕೆ ‘ಡಿಫಾಲ್ಟ್ ನಲ್’ ಎಂದು ಸ್ಪಷ್ಟವಾಗಿ ಬರೆಯುತ್ತದೆ. ಸ್ವತಃ ಆಜ್ಞೆ ಬರೆಯುವವರು ‘ಓನ್ಲಿ’ ಎಂಬ ಪದವನ್ನು ಮರೆತರೆ, ಮೂಲದ ಪೂರ್ವನಿಯತ ಮೌಲ್ಯಕ್ಕೆ ಮಾಡಿದ ಬದಲಾವಣೆ ಮರಿಗಳಿಗೂ ಹರಡುತ್ತದೆ.

ಸಾಲುಗಳನ್ನೆಣಿಸಿ ತೃಪ್ತರಾಗುವುದು ನಮ್ಮಲ್ಲಿ ವಾಡಿಕೆ, ಅದು ಸಾಲದು. ಪರೀಕ್ಷಾರ್ಥವಾಗಿ, ವಿನಾಯಿತಿಯ ಅಂಕಣವನ್ನು ಬಿಟ್ಟು ಮರಿಕೋಷ್ಟಕಕ್ಕೆ ಒಂದು ಹೊಸ ಸಾಲನ್ನು ಸೇರಿಸಿ ನೋಡಬೇಕು. ಅದು ತಿರಸ್ಕೃತವಾದರೆ ಏರ್ಪಾಡು ಉಳಿದಿದೆ.